ಆ ಬೆಸುಗೆಯಲ್ಲಿ ಗರಡಿ ಮಣ್ಣಿಲ್ಲ

ಹೋದ ತಿಂಗಳು ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕುಳಿತಿದ್ದರು. ಪೈಲವಾನರ ಸುದ್ದಿ ನಡೆದಿತ್ತು. ಅವರಲ್ಲೊಬ್ಬ ಒಂದು ಊರಿನ ಹೆಸರು ತೆಗೆದು, "ಅಲ್ಲಿ ಗರಡ್ಯಾಗ ಒಡದ ಕಲ್ಲಗುಂಡು ಕೂಡಿಸಿಟ್ಟಾರ ನೋಡು. ಎತ್ತಿ ಎತ್ತಿ ಒಗದರೂ ಬಿಟ್ಟಿಲ್ಲ. ಯಾಕಂದ್ರ ಅದರಾಗ ಗರಡಿ ಮಣ್ಣು ಕಲಸ್ಯಾರ," ಎಂದ.

ನನಗೆ ತಡೆಯಲಾಗಲಿಲ್ಲ. ಸೀಟಿನ ಮೇಲಿಂದ ಬಗ್ಗಿ, "ಅದರಾಗ ಮಣ್ಣಿಲ್ಲರೀ," ಎಂದೆ.

"ನಿಮಗ ಹೆಂಗ ಗೊತ್ತು?"

"ಕೂಡಿಸಿದಾಂವ ನಾನ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾರ ನಿಮಗ ಗೊತ್ತಾಗದಂಗ ಹಾಕಿರಬೇಕ ಬಿಡ್ರಿ," ಎಂದು ಮುಂದೆ ತಿರುಗಿ ಕುಳಿತ.

ಮುನವಳ್ಳಿ ದಾಟಿದರೂ ನಾನು ಹಲ್ಲು ಕಡಿಯುತ್ತಲೇ ಇದ್ದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಬರೆಯುವ ಮನುಷ್ಯನಲ್ಲ. ಆರನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ಬಡತನವೂ ಬಿಡಿಸಲಿಲ್ಲ. ಕುಳಿತಲ್ಲೇ ಕುಳಿತಿರುವುದು ನನ್ನಿಂದ ಆಗದೆ ನಾನೇ ಬಿಟ್ಟೆ. ಸವದತ್ತಿ ಗುಡ್ಡದ ಕಡೆ ಕಲ್ಲು ಒಡೆಯುವವರ ಜೊತೆ ಸೇರಿ ಉಳಿ ಹಿಡಿದೆ. ಅಲ್ಲಿಯ ಕೆಂಪು ಕಲ್ಲು ಯಾವ ಪೆಟ್ಟಿಗೆ ಯಾವ ಕಡೆ ಸೀಳುತ್ತದೆ ಎಂಬುದು ನನ್ನ ಕೈಗೆ ಬಂದಮೇಲೆ, ತೊಂಬತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ಗ್ರಾನೈಟ್ ಅಡಿಗೆಕಟ್ಟೆಗಳ ಹುಚ್ಚು ಹತ್ತಿದಾಗ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟೆ. ಕಲ್ಲು ಕೊಯ್ಯುವುದು, ಕೂಡಿಸುವುದು, ಪಾಲಿಶ್ ಹೊಡೆಯುವುದು. ಒಡೆದದ್ದನ್ನು ಕೂಡಿಸುವುದರಲ್ಲಿ ನಾಲ್ಕು ತಾಲೂಕಿನಲ್ಲಿ ನನ್ನ ಸರಿ ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕೂಡಿಸುವುದು ಎಪಾಕ್ಸಿಯಿಂದ. ಎರಡು ಡಬ್ಬಿ. ಒಂದರಲ್ಲಿ ಜೇನಿನಂತೆ ಇಳಿಯುವ ರಾಳ, ಇನ್ನೊಂದರಲ್ಲಿ ಮೂಗಿಗೆ ಘಾಟು ಹೊಡೆಯುವ ಹಾರ್ಡನರ್. ಅಳತೆ ತಪ್ಪದೆ ಎರಡನ್ನೂ ಕೂಡಿಸಿ ಚೆನ್ನಾಗಿ ತಿರುವಿದರೆ ಗಟ್ಟಿಯಾಗುತ್ತದೆ. ಜನಕ್ಕೆ ಗೊತ್ತಿದ್ದದ್ದು ಅಷ್ಟೇ. ಆದರೆ ಬರೀ ರಾಳವನ್ನು ದಪ್ಪವಾಗಿ ಸುರಿದರೆ ಅದು ತನ್ನ ಕಾವಿಗೆ ತಾನೇ ಕುದಿಯುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ನಿಂತ ಕಲ್ಲಿಗೆ ಹಚ್ಚಿದರೆ ಕೆಳಗೆ ಸೋರಿ ಹೋಗುತ್ತದೆ. ಅದಕ್ಕೆ ಪುಡಿ ಬೇಕು. ದೊಡ್ಡ ಸಂದು ತುಂಬಲು ತೊಳೆದು ಒಣಗಿಸಿದ ಸಣ್ಣ ಉಸುಕು. ಇಳಿಯದೆ ನಿಲ್ಲಲು ಬಳಪದ ಕಲ್ಲಿನ ನುಣುಪು ಹಿಟ್ಟು. ಬಣ್ಣ ಕೂಡಲು ಅದೇ ಕಲ್ಲಿನ ಪುಡಿ. ಮೊದಲು ಎರಡೂ ಮುಖಕ್ಕೆ ಬರೀ ರಾಳ ತೆಳ್ಳಗೆ ಬಳಿಯಬೇಕು, ಆಮೇಲೆ ಪುಡಿ ಕಲಸಿದ್ದನ್ನು ತುಂಬಬೇಕು. ಪುಡಿಯಲ್ಲಿ ತೇವ ಇರಬಾರದು, ಜಿಡ್ಡು ಇರಬಾರದು. ಇದೇ ಕಸುಬು. ಇದಕ್ಕೆ ಜನ ಇಟ್ಟ ಹೆಸರು ಕಲಬೆರಕೆ.

ಹಾಲಿಗೆ ನೀರು ಹಾಕುವವರನ್ನು ನೋಡಿ ನೋಡಿ ಅವರಿಗೆ ಹಾಗೆ ಕಂಡಿತೋ ಏನೋ. ನನ್ನ ಹೆಂಡತಿ ಒಮ್ಮೆ ರೊಟ್ಟಿ ತಟ್ಟುತ್ತ, "ಹಿಟ್ಟು ಬಿಟ್ಟು ಬರೇ ಬಿಸಿನೀರು ತಟ್ಟಿ ರೊಟ್ಟಿ ಮಾಡ್ರಿ ಅಂತ ಹೇಳ್ರಿ ಅವರಿಗೆ," ಎಂದಿದ್ದಳು. ಅವಳ ಮಾತು ಬಹಳ ಗಿರಾಕಿಗಳಿಗೆ ಹೇಳಿದೆ. ನಕ್ಕು ಮರೆತರು.

ಎರಡು ಸಾವಿರದ ಆಚೀಚಿನ ಒಂದು ಬೇಸಿಗೆಯಲ್ಲಿ ರಾಮದುರ್ಗ ತಾಲೂಕಿನ ಒಂದು ಊರಿನಿಂದ ವಸ್ತಾದರು ನನ್ನ ಅಂಗಡಿಗೆ ಬಂದರು. ವಸ್ತಾದ ಎಂದರೆ ಗರಡಿಯ ಗುರು. ವಯಸ್ಸಾಗಿತ್ತು, ಆದರೆ ಬಾಗಿಲು ತುಂಬುವ ಆಳು. ಕುಸ್ತಿಯಲ್ಲಿ ಜಜ್ಜಿ ಕಿವಿಗಳೆರಡೂ ಮುದುಡಿಹೋಗಿದ್ದವು. ಅವರ ಗರಡಿಯಲ್ಲಿ ಒಂದು ಗುಂಡು ಇತ್ತು, ಸವದತ್ತಿ ಕಡೆಯ ಕೆಂಪು ಕಲ್ಲಿನದು. ನಾಗರ ಪಂಚಮಿಯಲ್ಲಿ ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದವನ ತಲೆಗೆ ಊರವರು ಪಟಗ ಸುತ್ತುತ್ತಿದ್ದರು. ಯಾರೋ ಅಭ್ಯಾಸ ಮಾಡುವಾಗ ಕೈಜಾರಿ, ಮಣ್ಣಿನ ಮೇಲೆ ಬೀಳಬೇಕಾದದ್ದು ಹಾಸುಗಲ್ಲಿನ ಮೇಲೆ ಬಿದ್ದು, ಕಾಲು ಭಾಗ ಸೀಳಿ ಹೋಗಿತ್ತು.

"ಹೊಸಾದು ಕೆತ್ತಿಸ್ರಿ ಅಂತಾರ ಎಲ್ಲಾರೂ," ಎಂದರು ವಸ್ತಾದರು. "ಹೊಸಾದು ಎತ್ತಿದರ ನಮ್ಮಜ್ಜ ಎತ್ತಿದ್ದಕ್ಕ ಸರಿ ಬರತೈತೇನು? ಇದನ್ನ ಎತ್ತಬೇಕು. ಕೂಡಿಸ್ತಿ ಏನು?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲರ ಮುಂದೆ ನಾನು ಅಂದೆ: "ಕೂಡಸ್ತೇನ್ರಿ ವಸ್ತಾದರ. ಬಿಟ್ಟರ ಅಂಗಡಿ ಬಾಗಲಾ ಮುಚ್ಚತೇನಿ."

ಆ ಮಾತು ಇಂದಿಗೂ ನನ್ನದೇ. ಹಿಂದಕ್ಕೆ ತೆಗೆದುಕೊಂಡಿಲ್ಲ.

ಪಂಚಮಿಗೆ ಇನ್ನೂ ದಿನಗಳಿರುವಾಗಲೇ ಹೋದೆ. ಗುಂಡಿನ ಎರಡೂ ಮುಖಕ್ಕೆ ತೂತು ಕೊರೆದು ಕಬ್ಬಿಣದ ಸಲಾಕೆ ಕೂಡುವಂತೆ ಮಾಡಿಕೊಂಡೆ. ಸವದತ್ತಿಯಿಂದ ತಂದ ಅದೇ ಜಾತಿಯ ಕಲ್ಲಿನ ಚಕ್ಕೆಗಳನ್ನು ಕುಟ್ಟಿ, ಹಳೆಯ ಧೋತರದಲ್ಲಿ ಸೋಸಿ, ಗರಡಿಯ ಮುಂದೆ ಮೂರು ಕಲ್ಲಿಟ್ಟು ಕಬ್ಬಿಣದ ಬುಟ್ಟಿಯಲ್ಲಿ ಹುರಿಯತೊಡಗಿದೆ. ವಸ್ತಾದರ ಹುಡುಗಾಟಿಕೆಯೂ ಕಡಿಮೆ ಇರಲಿಲ್ಲ.

"ಏನಪಾ ಮಿಸ್ತ್ರಿ, ಉಪ್ಪಿಟ್ಟು ಮಾಡಾಕ ಹತ್ತಿಯೇನು? ವಗ್ಗರಣಿ ಯಾವಾಗ?"

"ತೇವ ಹೋಗಬೇಕ್ರಿ. ನೀರಿನ ಪಸೆ ಇದ್ದರ ಇದು ಹಿಡಿಯಂಗಿಲ್ಲ."

ಆಗ ಅವರು ಒಳಗಿನಿಂದ ಒಂದು ಮುಷ್ಟಿ ಗರಡಿ ಮಣ್ಣು ತಂದರು. ಗರಡಿಯ ಮಣ್ಣು ಹೊಲದ ಮಣ್ಣಿನಂತಲ್ಲ. ಸೋಸಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ಕರ್ಪೂರ ಹಾಕಿ, ಲಿಂಬೆಹಣ್ಣು ಹಿಂಡಿ, ವರ್ಷಗಟ್ಟಲೆ ಅಗೆದು ಅಗೆದು ಬೆಣ್ಣೆಯಂತೆ ಮಾಡಿರುತ್ತಾರೆ. ಹೊಸದಾಗಿ ಬಂದ ಪೈಲವಾನನ ಹಣೆಗೆ ಅದೇ ಮಣ್ಣು, ಹೊಸದಾಗಿ ತಂದ, ತಿರುಗಿಸುವ ಮರದ ಲೋಡಿಗೂ ಅದೇ ಮಣ್ಣು. ಅದು ಮುಟ್ಟದೆ ಯಾವುದೂ ಗರಡಿಯದಾಗುವುದಿಲ್ಲ.

"ಇದನ್ನೂ ಕಲಸು," ಎಂದರು.

"ಕಲಸಂಗಿಲ್ಲರಿ. ಎಣ್ಣಿ ಐತಿ ಅದರಾಗ."

"ಮಣ್ಣು ಬಿಟ್ಟು ಗರಡ್ಯಾಗ ಏನೂ ನಿಂದ್ರಂಗಿಲ್ಲ, ತಮ್ಮಾ."

"ಗಟ್ಟಿ ಆದಮ್ಯಾಲ ಹೊರಗ ಬೇಕಾದಷ್ಟು ಬಡೀರಿ. ಒಳಗ ಬ್ಯಾಡ. ನನ್ನ ಕೆಲಸದಾಗ ಕೈ ಹಾಕಬ್ಯಾಡ್ರಿ."

ಅವರು ಮಣ್ಣನ್ನು ಮರಳಿ ಒಯ್ದರು. ಮುಖ ಸಣ್ಣದಾಗಿತ್ತು, ಆದರೆ ಒಪ್ಪಿದರೆಂದೇ ತಿಳಿದೆ. ಪುಡಿ ತಣಿಯಲಿ ಎಂದು ಬುಟ್ಟಿಯ ಮೇಲೆ ಚೀಲ ಮುಚ್ಚಿಟ್ಟೆ. ಊಟಕ್ಕೆ ತಮ್ಮ ಮನೆಗೇ ಹೋಗಬೇಕೆಂದು ವಸ್ತಾದರು ಹಟ ಹಿಡಿದರು, ತಾವು ಆಮೇಲೆ ಬರುತ್ತೇನೆಂದು ಗರಡಿಯಲ್ಲೇ ಉಳಿದರು. ಅವರ ಮನೆಯ ಅವ್ವ ರೊಟ್ಟಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು ಬಡಿಸಿ ಏಳಗೊಡಲಿಲ್ಲ. ತಿರುಗಿ ಬಂದು ರಾಳ ತಿರುವಿ, ಮುಖಗಳಿಗೆ ಬಳಿದು, ಪುಡಿ ಕಲಸಿ ತುಂಬಿ, ಸಲಾಕೆ ಕೂಡಿಸಿ, ಹಗ್ಗ ಬಿಗಿದು ಗೂಟ ಹೊಡೆದೆ. ಗಟ್ಟಿಯಾಗುವುದು ತಡವಾಯಿತು. ಶ್ರಾವಣದ ಮೋಡ ಮುಸುಕಿತ್ತು, ತಂಪಿಗೆ ಹೀಗಾಗುತ್ತದೆ ಎಂದುಕೊಂಡೆ. ಮೇಲ್ಗಡೆ ಉಗುರಿನಿಂದ ಕುಟ್ಟಿ ನೋಡಿದರೆ ಟಕ್ಕೆಂದಿತು. ಪಂಚಮಿಯವರೆಗೆ ಹಗ್ಗ ಬಿಚ್ಚಬೇಡಿ ಎಂದು ಹೇಳಿ ಬಂದೆ.

ಪಂಚಮಿಯ ದಿನ ನಾನೂ ಹೋಗಿದ್ದೆ. ನನ್ನ ಕೆಲಸ ನೋಡಲು ಹೋಗಿದ್ದೆ, ಗುಂಡು ಎತ್ತುವುದನ್ನಲ್ಲ. ವಸ್ತಾದರ ಪಟ್ಟಶಿಷ್ಯ, ಒಕ್ಕಲುತನದ ಮನೆಯ ಗಟ್ಟಿ ಆಳು, ಚಲ್ಲಣ ತೊಟ್ಟು ಬಂದು ಗುಂಡನ್ನು ಮೊಣಕಾಲಿಗೆ ತಂದ, ಎದೆಗೆ ತಂದ. ಹೆಗಲಿಗೇರಿಸಲು ಮೈ ಬಿಲ್ಲು ಮಾಡಿದ. ಅಷ್ಟರಲ್ಲಿ ಕೂಡಿಸಿದ ತುಂಡು ಜಾರಿತು. ಒಡೆಯಲಿಲ್ಲ, ಜಾರಿತು. ಕೆಸರಿನಿಂದ ಕೋಲು ಕಿತ್ತಂತೆ ಸಲಾಕೆ ಕಿತ್ತು ಬಂದು, ತುಂಡು ಅವನ ಎಡಗಾಲಿನ ಮೇಲೆ ಬಿತ್ತು. ಅವನು ಕೂಗಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ದವಾಖಾನೆಗೆ ಒಯ್ದರು. ಉಳಿದವರು ನನ್ನ ಕಡೆ ತಿರುಗಿದರು.

"ಪುಡಿ ಹಾಕಿ ಹಾಕಿ ಹಾಳ ಮಾಡ್ಯಾನ್ರೋ! ರಾಳ ಉಳಸಾಕ ಕಲ್ಲಿನ ಹಿಟ್ಟು ತುಂಬ್ಯಾನ!"

"ಏ ಬೈಲಹೊಂಗಲದಾಂವಾ, ಬಾಗಲಾ ಯಾವಾಗ ಮುಚ್ಚತಿ?"

ನಾನು ಬಗ್ಗಿ, ಬಿದ್ದ ತುಂಡಿನ ಸಂದಿನಿಂದ ಒಂದು ಮುದ್ದೆ ಕಿತ್ತೆ. ಮೇಲೆ ತೊಗಟೆಯಂತೆ ಗಟ್ಟಿ, ಒಳಗೆ ಹಳೆಯ ರಬ್ಬರಿನಂತೆ ಮೆತ್ತಗೆ. ಹೆಬ್ಬೆರಳಿನ ಉಗುರು ಊರಿತು. ಮೂಗಿಗೆ ಹಿಡಿದೆ, ಕರ್ಪೂರ ಮತ್ತು ಎಣ್ಣೆಯ ವಾಸನೆ. ಇನ್ನೊಂದಿಷ್ಟು ಬಿಡಿಸಿದೆ. ನಡುವೆ ಒಂದು ಲಿಂಬೆ ಬೀಜ ಸಿಕ್ಕಿಕೊಂಡಿತ್ತು.

ಧೋತರದಲ್ಲಿ ಸೋಸಿದ ನನ್ನ ಪುಡಿಯಲ್ಲಿ ಲಿಂಬೆ ಬೀಜ! ಕೆಂಪು ಕಲ್ಲಿನ ಹಿಟ್ಟಿನಲ್ಲಿ ಕೆಂಪು ಮಣ್ಣು ಸೇರಿದರೆ ಯಾರ ಕಣ್ಣಿಗೆ ಕಾಣಬೇಕು? ಗರಡಿಯೆಲ್ಲ ಅದೇ ವಾಸನೆ ಇರುವಾಗ ಬುಟ್ಟಿಯಲ್ಲಿ ವಾಸನೆ ಬೇರೆ ಬಂದೀತೇ? ವಸ್ತಾದರ ಮುಂದೆ ಅಂಗೈ ಚಾಚಿದೆ.

"ಇದೇನ್ರಿ?"

ಅವರು ನೋಡಿದರು. ಕಣ್ಣು ಬೇರೆ ಕಡೆ ಹೊರಳಿತು. "ಗರಡ್ಯಾಗ ಲಿಂಬಿ ಬೀಜ ಎಲ್ಲಿ ಬೇಕಾದಲ್ಲಿ ಬಿದ್ದಿರತಾವ," ಎಂದು ಒಳಗೆ ಹೋದರು.

ಅಷ್ಟೇ ಮಾತು. ಊರಿಗೆ ಊರೇ ನನ್ನನ್ನು ಉಗಿಯುತ್ತಿರುವಾಗ ಆ ಮನುಷ್ಯ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ನನ್ನ ಅಪ್ಪನ ವಯಸ್ಸಿನವರು, ಬಹುವಚನದಲ್ಲಿಯೇ ಬರೆಯಬೇಕು. ಆದರೆ ಈ ಒಂದು ಸಾಲಿನಲ್ಲಿ ಕೈ ಬರುವುದಿಲ್ಲ.

ಸುದ್ದಿ ಬೈಲಹೊಂಗಲಕ್ಕೆ ನನಗಿಂತ ಮೊದಲು ಬಂದಿತ್ತು. ಅಂಗಡಿಯ ಮುಂದೆ ಹೋಗುವವರು, "ಬಾಗಲಾ ಇನ್ನೂ ತೆರದೈತಲ್ಲೋ!" ಎನ್ನುತ್ತಿದ್ದರು. ನಾನು ಮುಚ್ಚಲಿಲ್ಲ. ನನ್ನ ಬೆಸುಗೆ ಬಿಟ್ಟಿದ್ದರೆ ಮುಚ್ಚುತ್ತಿದ್ದೆ. ಬಿಟ್ಟದ್ದು ಅವರ ಮಣ್ಣು. ಇದನ್ನು ಹೇಳಿದರೆ ನಗುತ್ತಿದ್ದರು. ಕೆಲಸ ಕೊಡುವವರು ಕೂಡ ಒಂದು ಶರತ್ತು ಹಾಕತೊಡಗಿದರು: ಪುಡಿ ಹಾಕಬೇಡ.

ಕಿತ್ತೂರಿನ ಒಬ್ಬ ಸಾಹುಕಾರರ ಮನೆಯಲ್ಲಿ ಅಡಿಗೆಕಟ್ಟೆಯ ಮೂಲೆ ಅಂಗೈ ಅಗಲ ಮುರಿದಿತ್ತು. ಸಾಹುಕಾರರು ಕುರ್ಚಿ ಹಾಕಿಕೊಂಡು ನನ್ನ ಮುಂದೆಯೇ ಕುಳಿತರು, ಕಳ್ಳನನ್ನು ಕಾಯುವವರಂತೆ.

"ಬರೇ ರಾಳ ಸುರುವು. ಚೀಲ ಬಿಚ್ಚಬ್ಯಾಡ."

"ಅಷ್ಟು ದಪ್ಪ ಸುರುವಿದರ ಕುದೀತೈತ್ರಿ."

"ರೊಕ್ಕಾ ಕೊಡಾಂವ ನಾನೋ ನೀನೋ?"

ಸುರಿದೆ. ಸಾಹುಕಾರರು ಬಗ್ಗಿ ನೋಡುತ್ತಿರುವಾಗಲೇ ಅದು ಬಿಸಿಯಾಯಿತು, ಹಳದಿಯಾಯಿತು, ಹೊಗೆಯಾಡಿತು, ಚಟ್ಟೆಂದು ಬಿರಿಯಿತು. ಅವರ ಮನೆಯವರು ಒಳಗಿನಿಂದ ಓಡಿ ಬಂದು, "ಅಯ್ಯ ನಮ್ಮಪ್ಪಾ, ಗ್ಯಾಸ್ ಹತ್ತೇತೇನ್ರೀ?" ಎಂದು ಗಾಬರಿಯಾದರು.

"ಗ್ಯಾಸಲ್ಲರಿ ಅಕ್ಕಾರ. ಸಾಹುಕಾರ್ರು ಅಡಿಗಿ ಮಾಡಾಕ ಹತ್ಯಾರ."

ಸಾಹುಕಾರರು ನಗಲಿಲ್ಲ. ನಾನೂ ನಗಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಕಸುಬು ಬಲ್ಲವನ ಕೈಯಿಂದಲೇ ಕಸುಬು ಕೆಡಿಸುತ್ತಾರೆ, ಕೆಟ್ಟರೆ ಕೈ ಕೆಟ್ಟದ್ದೆನ್ನುತ್ತಾರೆ. ಎಲ್ಲವನ್ನೂ ಕೆತ್ತಿ ತೆಗೆದು, ಉಸುಕು ಬೆರೆಸಿ ನನ್ನ ರೀತಿಯಲ್ಲಿ ಮಾಡಿಕೊಟ್ಟು ಬಂದೆ. ಅದು ಗಟ್ಟಿ ನಿಂತಿತು. ಅದನ್ನು ಅವರು ಯಾರಿಗೂ ಹೇಳಿದಂತಿಲ್ಲ.

ಮುಂದಿನ ವರ್ಷ ಮಳೆಗಾಲಕ್ಕೆ ಮೊದಲು ಒಬ್ಬ ಆಳು ಕುಂಟುತ್ತ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಮೊದಲು ಗುರುತು ಸಿಗಲಿಲ್ಲ, ಮೈ ಇಳಿದಿತ್ತು. ಅದೇ ಪೈಲವಾನ. ನಾನು ಸ್ಟೂಲು ಕೊಟ್ಟೆ. ಅವನು ಕುಳಿತು ಎಡಗಾಲನ್ನು ಮುಂದೆ ಚಾಚಿಕೊಂಡ.

"ಅಣ್ಣಾ, ಆ ದಿನ ನೀ ಊಟಕ್ಕ ಹೋದಾಗ ವಸ್ತಾದರು ಬುಟ್ಟ್ಯಾಗ ಮಣ್ಣು ಹಾಕಿದ್ರು. ಕೈಲೆ ಕಲಸಿದ್ರು. ನಾನೂ ಅಲ್ಲೆ ನಿಂತು ಕೈ ಮುಗದೆ."

"ಗೊತ್ತೈತಿ," ಎಂದೆ. "ವರ್ಷತನಕ ಬಾಯಾಗೇನು ಇಟಗೊಂಡಿದ್ದಿ?"

"ಹೇಳಿದ್ರ ಗರಡಿ ಮಣ್ಣಿಗೆ ಅಪವಾದ ಬರತಿತ್ತಲ್ಲ."

"ಮಣ್ಣಿಗೆ ಅಪವಾದ ಬರಬಾರದು! ನನಗ ಬರಬೋದು?" ನನ್ನ ದನಿಗೆ ಪಕ್ಕದ ಅಂಗಡಿಯವರೂ ಹೊರಗೆ ಬಂದರು. "ನಿನ್ನ ಕಾಲು ಮುರದಾಂವ ನಾನು ಅಂತ ಮಂದಿ ಅಂತಾರ. ನನ್ನ ಹೆಂಡತಿ ನೀರಿಗೆ ಹೋದಲ್ಲಿ ಅಂತಾರ. ಮಣ್ಣಿಗೆ ಮಾನ ಐತಿ, ನನಗಿಲ್ಲ?"

ಅವನು ತಲೆ ಎತ್ತಲಿಲ್ಲ. "ಅದಕ್ಕ ಬಂದೇನಿ. ವಸ್ತಾದರು ಕಳಿಸ್ಯಾರ. ಗುಂಡು ಹಂಗ ಬಿದ್ದೈತಿ. ಮತ್ತ ಕೂಡಸಬೇಕಂತ."

ಕಳಿಸಿದ್ದಾರೆ! ತಾವು ಬರಲಿಲ್ಲ. ಮುರಿದ ಕಾಲಿನವನನ್ನು ಕಳಿಸಿದ್ದಾರೆ. ಅವನ ಮೇಲೆ ಕೂಗಿದ್ದಕ್ಕೆ ನನಗೆ ಮತ್ತಷ್ಟು ಸಿಟ್ಟು ಬಂತು, ಆದರೆ ಅವನ ಮೇಲಲ್ಲ. "ಬರತೇನಿ. ಊರ ಮುಂದ ಅವರ ಬಾಯಿಲೆ ಹೇಳಬೇಕು. ಹೇಳಿದಮ್ಯಾಲ ಡಬ್ಬಿ ಬಿಚ್ಚತೇನಿ. ಇಲ್ಲಂದ್ರ ಇಲ್ಲ," ಎಂದು ಹೇಳಿ, ಅವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದೆ.

ಹೋದ ದಿನ ಗರಡಿಯ ಮುಂದಿನ ಕಟ್ಟೆಯ ಮೇಲೆ ಊರ ಹಿರಿಯರೆಲ್ಲ ಕುಳಿತಿದ್ದರು. ನಾನು ಡಬ್ಬಿಗಳನ್ನು ಮುಂದಿಟ್ಟುಕೊಂಡು ನಿಂತೆ. ವಸ್ತಾದರು ಎದ್ದರು. ಪೈಲವಾನ ಅವರ ಪಕ್ಕದಲ್ಲೇ ನಿಂತಿದ್ದ, ಭಾರವನ್ನೆಲ್ಲ ಬಲಗಾಲ ಮೇಲೆ ಬಿಟ್ಟು.

"ಮಣ್ಣು ಹಾಕಿದ್ದು ಖರೆ," ಎಂದರು. "ನಾನ ಹಾಕೀನಿ. ಮಿಸ್ತ್ರಿ ಬ್ಯಾಡ ಅಂದಿದ್ದ."

ಯಾರೋ ಹಿಂದಿನಿಂದ, "ಹಾಕಿದ್ರೇನಾತು, ಮಣ್ಣು ಕೆಟ್ಟದ್ದೇನು?" ಎಂದ.

"ಕೆಟ್ಟದ್ದಂತ ಯಾಂವ ಅಂದ?" ಎಂದು ನಾನು ಅವನ ಕಡೆ ತಿರುಗಿದೆ. "ಕುಸ್ತಿಗೆ ಅದರಂಥಾದ್ದು ಇಲ್ಲ. ನೀ ತುಪ್ಪಾ ತಿಂತಿಯಲ್ಲ, ಗ್ವಾಡಿಗೆ ಬಣ್ಣ ಹಚ್ಚೂಮುಂದ ತುಪ್ಪಾ ಬಡೀತಿಯೇನು? ಎಣ್ಣಿ ಇದ್ದಲ್ಲಿ ಇದು ಹಿಡಿಯಂಗಿಲ್ಲ. ಮುಗೀತು."

ಆಮೇಲೆ ಡಬ್ಬಿ ಬಿಚ್ಚಿದೆ. ಹಳೆಯ ಮುದ್ದೆಯನ್ನೆಲ್ಲ ಕೆತ್ತಿ, ಜಿಡ್ಡು ಹೀರಿದ ಮುಖಗಳನ್ನು ಉಳಿಯಿಂದ ಹೊಸ ಕಲ್ಲು ಕಾಣುವವರೆಗೆ ಕೆರೆದೆ. ಪುಡಿ ಹುರಿದೆ. ತಣಿಯುವವರೆಗೆ ಬುಟ್ಟಿಯ ಪಕ್ಕದಿಂದ ಏಳಲಿಲ್ಲ. ವಸ್ತಾದರ ಮನೆಯ ಅವ್ವ ಊಟಕ್ಕೆ ಕರೆಯಲು ಬಂದು ನನ್ನನ್ನು ನೋಡಿದವಳು ಮರಳಿ ಹೋಗಿ, ರೊಟ್ಟಿ ಪಲ್ಯವನ್ನು ಅಲ್ಲಿಗೇ ತಂದಿಟ್ಟಳು. ಎಡಗೈ ಚೀಲದ ಮೇಲಿಟ್ಟುಕೊಂಡೇ ಉಂಡೆ. ಕೂಡಿಸಿ, ಹಗ್ಗ ಬಿಗಿದು, ಗಟ್ಟಿಯಾಗುವವರೆಗೆ ಆ ಊರು ಬಿಡಲಿಲ್ಲ. ಮರುದಿನ ಸುತ್ತಿಗೆಯಿಂದ ಬಡಿದೆ. ಇಡೀ ಗುಂಡು ಒಂದೇ ದನಿ ಕೊಟ್ಟಿತು.

"ಈಗ ಹೊರಗ ಹಚ್ಚಬೋದೇನು?" ಎಂದು ವಸ್ತಾದರು ಕೇಳಿದರು. ಕೈಯಲ್ಲಿ ಮಣ್ಣಿತ್ತು. ನಾನೇ ಹಿಂದಿನ ವರ್ಷ ಹೇಳಿದ್ದ ಮಾತು, ಇಲ್ಲವೆನ್ನಲು ಬರಲಿಲ್ಲ.

"ಹಚ್ಚ್ರಿ."

ಅವರು ಬೆಸುಗೆಯ ಗೆರೆಯ ಮೇಲೆ ಸುತ್ತಲೂ ಮಣ್ಣು ಸವರಿ ಹಣೆ ಹಚ್ಚಿದರು. ಆ ಪಂಚಮಿಗೆ ಬೇರೊಬ್ಬ ಪೈಲವಾನ ಗುಂಡನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದ. ದಪ್ಪೆಂದು ಮಣ್ಣಿನಲ್ಲಿ ಹೂತುಕೊಂಡಿತು, ಬೆಸುಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಮಂದಿ ಸಿಳ್ಳೆ ಹೊಡೆದರು. ಗುಂಡಿನ ಮೇಲಿನ ಕೆಂಪು ಸವರಿಕೆ ನೋಡಿ ಒಬ್ಬ ಕೂಗಿದ: "ಗರಡಿ ಮಣ್ಣಿನ ಶಕ್ತಿ ನೋಡ್ರೋ!"

ಎಲ್ಲರೂ ಅದನ್ನೇ ಕೂಗಿದರು. ಕಟ್ಟೆಯ ಮೇಲೆ ಕುಳಿತು ವಸ್ತಾದರ ಮಾತನ್ನು ತಮ್ಮ ಕಿವಿಯಿಂದ ಕೇಳಿದ್ದ ಹಿರಿಯರೂ ಕೂಗಿದರು. ವಸ್ತಾದರು ನನ್ನ ಕಡೆ ನೋಡಿದರು, ಬಾಯಿ ತೆರೆದರು. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಅವರು ಏನೆಂದರೋ ನನಗೆ ಇಂದಿಗೂ ಗೊತ್ತಿಲ್ಲ. ಕುಂಟುವ ಪೈಲವಾನ ಮಾತ್ರ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು, ಗುಂಡಿನ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಗೆರೆ ಕಾಣುವಂತೆ ಮಾಡಿ ನನ್ನ ಕಡೆ ತೋರಿಸಿದ. ಮತ್ತೊಬ್ಬರು ಬಂದು ಮತ್ತೆ ಮಣ್ಣು ಬಳಿದರು.

ಅಂದಿನಿಂದ ಇದೇ ಕಥೆ. ಬಿಟ್ಟಾಗ ಪುಡಿಯದು, ನಿಂತಾಗ ಮಣ್ಣಿನದು. ವಸ್ತಾದರು ಈಗಿಲ್ಲ. ಇದ್ದಿದ್ದರೆ ಆ ಬಸ್ಸಿನವರನ್ನು ಅವರ ಮುಂದೆ ಒಯ್ದು ನಿಲ್ಲಿಸುತ್ತಿದ್ದೆ.

ಮೊದಲ ಪಂಚಮಿಯಂದು ಕಿತ್ತ ಆ ಮುದ್ದೆಯನ್ನು ನಾನು ಒಗೆದಿಲ್ಲ. ಅಂಗಡಿಯಲ್ಲಿ ಡಬ್ಬಿಗಳ ಪಕ್ಕದ ಗೂಡಿನಲ್ಲಿದೆ. ಪುಡಿ ಹಾಕಬೇಡ ಎನ್ನುವ ಗಿರಾಕಿಯ ಕೈಗೆ ಮೊದಲು ಅದನ್ನು ಕೊಡುತ್ತೇನೆ. ಲಿಂಬೆ ಬೀಜ ಒಣಗಿ ಕಪ್ಪಾಗಿದೆ, ಆದರೂ ಬೀಜವೆಂದು ಗುರುತು ಸಿಗುತ್ತದೆ. ಇಷ್ಟು ವರ್ಷಗಳಾದರೂ ಆ ಮುದ್ದೆ ಕಲ್ಲಾಗಿಲ್ಲ. ಬಸ್ಸಿನಲ್ಲಿದ್ದವರು ಇದನ್ನು ಓದಿದರೆ ಬೈಲಹೊಂಗಲಕ್ಕೆ ಬರಲಿ. ಬಾಗಿಲು ತೆರೆದೇ ಇದೆ. ಉಗುರು ಒತ್ತಿ ನೋಡಲಿ.